ಮೆಂಟೆನೆನ್ಸ್ ವರ್ಕ್‌ಶಾಪ್‌ನ ಸುರಕ್ಷತಾ ತಪಾಸಣೆ: ಪಟ್ಟಿಯ ಕಣ್ಣಿಗೆ ಬೀಳದ ಅಪಾಯಗಳನ್ನು ಹೇಗೆ ಗುರುತಿಸಬೇಕು?

ಪ್ರಶ್ನೆ

ಕಾರ್ಖಾನೆಯೊಂದರ ಮೆಂಟೆನೆನ್ಸ್ ವಿಭಾಗದಲ್ಲಿ ಸುರಕ್ಷತಾ ತಪಾಸಣೆಯ ಹೊಣೆ ಈಚೆಗೆ ನನ್ನ ಪಾಲಿಗೆ ಬಂದಿದೆ. ಲೇಥ್, ಬೆಂಚ್ ಗ್ರೈಂಡರ್, ಹೈಡ್ರಾಲಿಕ್ ಪ್ರೆಸ್, ವೆಲ್ಡಿಂಗ್ ಮತ್ತು ಗ್ಯಾಸ್ ಕಟಿಂಗ್ ಸೆಟ್‌ಗಳೆಲ್ಲ ಒಂದೇ ಸೂರಿನಡಿ ಇವೆ. ತಿಂಗಳಿಗೊಮ್ಮೆ ಪಟ್ಟಿ ಹಿಡಿದು ಸುತ್ತುಹಾಕಿ, ಬೆಂಕಿ ನಂದಿಸುವ ಸಿಲಿಂಡರ್ ಜಾಗದಲ್ಲಿದೆಯೇ, ಎಲ್ಲರೂ ಹೆಲ್ಮೆಟ್ ಧರಿಸಿದ್ದಾರೆಯೇ, ನಡೆದಾಡುವ ದಾರಿ ಖಾಲಿ ಇದೆಯೇ ಎಂದು ಗುರುತು ಹಾಕುವ ಪದ್ಧತಿ ಹಿಂದಿನಿಂದಲೂ ನಡೆದುಬಂದಿದೆ. ಆ ಹಾಳೆಗಳನ್ನು ನೋಡಿದರೆ ಎಲ್ಲವೂ ಸರಿಯಾಗಿದೆ. ಆದರೆ ಅದೇ ಅವಧಿಯಲ್ಲಿ, ರಿಪೇರಿಗೆಂದು ನಿಲ್ಲಿಸಿದ್ದ ಕನ್ವೇಯರ್ ಒಮ್ಮೆ ಇದ್ದಕ್ಕಿದ್ದಂತೆ ಚಲಿಸಿದೆ. ಇನ್ನೊಮ್ಮೆ ಗ್ರೈಂಡರ್‌ನ ವೀಲ್ ಮತ್ತು ಟೂಲ್ ರೆಸ್ಟ್ (ಉಜ್ಜುವ ವಸ್ತುವನ್ನು ಆನಿಸಿ ಹಿಡಿಯುವ ಆಸರೆ) ನಡುವೆ ಕಬ್ಬಿಣದ ತುಂಡೊಂದು ಸಿಕ್ಕಿಹಾಕಿಕೊಂಡಿದೆ. ಯಾರಿಗೂ ಗಾಯವಾಗಲಿಲ್ಲವೆಂದು ಎರಡನ್ನೂ ಎಲ್ಲಿಯೂ ದಾಖಲಿಸಿಲ್ಲ. ಇಂತಹ ಅಪಾಯಗಳನ್ನು ಮೊದಲೇ ಹಿಡಿಯುವಂತೆ ತಪಾಸಣೆಯನ್ನು ಹೇಗೆ ಬದಲಿಸಬಹುದು?

ಮೊದಲ ಉತ್ತರ

ತಪಾಸಣೆಯ ವೇಳೆಯನ್ನು ಬದಲಿಸುವುದರಿಂದ ಆರಂಭಿಸಿ. ಯಂತ್ರದ ಗಾರ್ಡುಗಳು ಅದನ್ನು ಓಡಿಸುವವರನ್ನು ಕಾಯುತ್ತವೆ, ಆದರೆ ಫಿಟ್ಟರ್ ಕೆಲಸ ಮಾಡುವುದೇ ಆ ಗಾರ್ಡುಗಳನ್ನು ಕಳಚಿದ ಮೇಲೆ. ಆದ್ದರಿಂದ ವರ್ಕ್‌ಶಾಪ್ ಶಾಂತವಾಗಿರುವ ಹೊತ್ತಿನಲ್ಲಿ ಸುತ್ತುಹಾಕಿದರೆ ಅಲ್ಲಿನ ವಸ್ತುಗಳು ಕಾಣುತ್ತವೆಯೇ ಹೊರತು ಕೆಲಸ ಕಾಣುವುದಿಲ್ಲ. ಬ್ರೇಕ್‌ಡೌನ್ ಕರೆ ಬಂದಾಗ ತಂಡದ ಜೊತೆ ಹೋಗಿ, ಕೈ ಹಾಕುವ ಮುನ್ನ ಫಿಟ್ಟರ್ ಬಳಿ ಒಂದೇ ಪ್ರಶ್ನೆ ಕೇಳಿ: ಈ ಯಂತ್ರಕ್ಕೆ ಶಕ್ತಿ ಎಲ್ಲೆಲ್ಲಿಂದ ಬರುತ್ತದೆ?

ವಿದ್ಯುತ್ ಎಂಬ ಉತ್ತರವಷ್ಟೇ ಬಂದರೆ ಸಾಲದು. ಮೇನ್ ಸ್ವಿಚ್ ಆಫ್ ಮಾಡಿದ ಮೇಲೂ ಒತ್ತಡದ ಎಣ್ಣೆಯನ್ನು ಕೂಡಿಡುವ ಹೈಡ್ರಾಲಿಕ್ ಅಕ್ಯುಮ್ಯುಲೇಟರ್‌ನಲ್ಲಿ ಒತ್ತಡ ಉಳಿದಿರುತ್ತದೆ, ವೇಗ ನಿಯಂತ್ರಿಸುವ ಡ್ರೈವ್‌ನ ಕೆಪ್ಯಾಸಿಟರ್‌ಗಳಲ್ಲಿ ಕೆಲವು ನಿಮಿಷಗಳ ಕಾಲ ಅಪಾಯಕಾರಿ ವೋಲ್ಟೇಜ್ ಇರುತ್ತದೆ, ಏರು ಕನ್ವೇಯರ್‌ನ ಬೆಲ್ಟ್ ಮೇಲಿನ ಭಾರವೇ ಅದನ್ನು ಹಿಂದಕ್ಕೆ ಎಳೆಯಬಲ್ಲದು. ನಿಮ್ಮ ಕನ್ವೇಯರ್ ಯಾವುದರಿಂದ ಚಲಿಸಿತೆಂಬುದನ್ನು ಈಗಲಾದರೂ ಪತ್ತೆ ಮಾಡಲೇಬೇಕು. ಲಾಕ್‌ಔಟ್ (ರಿಪೇರಿಯ ವೇಳೆ ಯಂತ್ರ ಚಾಲೂ ಆಗದಂತೆ ಶಕ್ತಿಯ ಮೂಲಗಳನ್ನು ಕಡಿದು ಬೀಗ ಹಾಕುವ ಕ್ರಮ) ಎಂದರೆ ಬೀಗ ಹಾಕುವುದಷ್ಟೇ ಅಲ್ಲ: ಪ್ರತಿಯೊಬ್ಬರೂ ತಮ್ಮದೇ ಬೀಗ ಹಾಕಿ ಕೀಲಿಯನ್ನು ತಮ್ಮಲ್ಲೇ ಇಟ್ಟುಕೊಂಡು, ಉಳಿದ ಶಕ್ತಿಯನ್ನು ಹೊರಬಿಟ್ಟು, ಯಾರೂ ಹತ್ತಿರದಲ್ಲಿಲ್ಲವೆಂದು ಖಚಿತಪಡಿಸಿಕೊಂಡು ಸ್ಟಾರ್ಟ್ ಬಟನ್ ಒತ್ತಿ ನೋಡಿ, ಬಳಿಕ ಅದನ್ನು ಮತ್ತೆ ಆಫ್ ಸ್ಥಿತಿಗೆ ತಂದಾಗಲೇ ಅದು ಪೂರ್ಣವಾಗುತ್ತದೆ. ಈ ಕೊನೆಯ ಪರೀಕ್ಷೆಯನ್ನೇ ಜನ ಹೆಚ್ಚಾಗಿ ಬಿಟ್ಟುಬಿಡುತ್ತಾರೆ.

ಗ್ರೈಂಡರ್ ವಿಷಯದಲ್ಲಿ ಕಾರಣ ಸರಳವಾಗಿದೆ. ಟೂಲ್ ರೆಸ್ಟ್ ಮತ್ತು ವೀಲ್ ನಡುವಿನ ಅಂತರ 3 ಮಿ.ಮೀ. ಮೀರಬಾರದು, ವೀಲ್‌ನ ಮೇಲ್ಬದಿಯ ಹೊಂದಿಸಬಹುದಾದ ತಡೆಯಾದ ಟಂಗ್ ಗಾರ್ಡ್‌ನ ಅಂತರ 6 ಮಿ.ಮೀ. ಮೀರಬಾರದು. ಆದರೆ ವೀಲ್ ಬಳಸಿದಷ್ಟೂ ಸವೆಯುವುದರಿಂದ ಈ ಅಂತರ ದಿನದಿನವೂ ಹಿಗ್ಗುತ್ತದೆ. ತಿಂಗಳಿಗೊಮ್ಮೆ ಅಳೆದರೆ ಏನೂ ಪ್ರಯೋಜನವಿಲ್ಲ. ಗ್ರೈಂಡರ್‌ಗೆ ಒಂದು ಗೇಜ್ ಕಟ್ಟಿಟ್ಟು, ಬಳಸುವವರೇ ಅಳೆದು, ವೀಲ್ ಪೂರ್ತಿ ನಿಂತ ಮೇಲೆ ರೆಸ್ಟ್ ಸರಿಪಡಿಸುವ ರೂಢಿ ಬರಬೇಕು. ಹೊಸ ವೀಲ್ ಕೂರಿಸುವ ಮುನ್ನ ಮರದ ಹಿಡಿಯಿಂದ ಮೆಲ್ಲಗೆ ತಟ್ಟಿ, ನಾದ ಸ್ಪಷ್ಟವಾಗಿದೆಯೇ ಎಂದು ಕೇಳಬೇಕು. ಒಡಕು ಸದ್ದು ಬಂದರೆ ಆ ವೀಲನ್ನು ಬಳಸಲೇಬಾರದು.

ಎರಡನೆಯ ಉತ್ತರ

ಮೇಲಿನ ಮಾತನ್ನು ಒಪ್ಪುತ್ತೇನೆ. ನೋಟಕ್ಕೆ ಅಪಾಯವೆಂದೇ ತೋರದ ಕೆಲವನ್ನು ಸೇರಿಸಬಯಸುತ್ತೇನೆ.

ಹೈಡ್ರಾಲಿಕ್ ಹೋಸ್‌ನ ಸೂಜಿಮೊನೆಯಷ್ಟು ರಂಧ್ರದಿಂದ ಚಿಮ್ಮುವ ಎಣ್ಣೆ ಚರ್ಮವನ್ನು ತೂರಿ ಒಳಹೋಗಬಲ್ಲದು. ಹೊರಗೆ ಕಾಣುವುದು ಒಂದು ಚುಕ್ಕೆಯಷ್ಟೇ ಆದ್ದರಿಂದ ಗಾಯಗೊಂಡವರು ಒರೆಸಿಕೊಂಡು ಕೆಲಸಕ್ಕೆ ಮರಳುತ್ತಾರೆ. ಒಳಗೆ ಅಂಗಾಂಶ ಕೊಳೆಯುತ್ತಾ ಹೋಗಿ ಬೆರಳು ಅಥವಾ ಕೈಯನ್ನೇ ಕಳೆದುಕೊಳ್ಳುವ ಸ್ಥಿತಿ ಬರಬಹುದು. ಇದು ತಕ್ಷಣ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಕರೆದೊಯ್ಯಬೇಕಾದ ಗಾಯವೆಂಬುದು ನಿಮ್ಮ ಪ್ರಥಮ ಚಿಕಿತ್ಸೆ ನೋಡಿಕೊಳ್ಳುವವರಿಗೆ ಗೊತ್ತಿದೆಯೇ ಎಂದು ವಿಚಾರಿಸಿ. ಸೋರಿಕೆಯನ್ನು ಕೈಯಿಂದ ಸವರಿ ಹುಡುಕುವ ಅಭ್ಯಾಸ ಕಂಡರೆ ಕೆಲಸವನ್ನು ಅಲ್ಲಿಯೇ ನಿಲ್ಲಿಸಿ.

ವೆಲ್ಡಿಂಗ್ ಜಾಗದ ಸಮೀಪ ಯಾವ ಕ್ಲೀನರ್ ಇದೆಯೆಂದು ಡಬ್ಬಿಯ ಮೇಲಿನ ಲೇಬಲ್ ಓದಿ. ಕ್ಲೋರಿನ್‌ಯುಕ್ತ ದ್ರಾವಕದ ಆವಿ ವೆಲ್ಡಿಂಗ್‌ನ ಶಾಖ ಮತ್ತು ಅತಿನೇರಳೆ ಕಿರಣಗಳಿಗೆ ಸಿಕ್ಕಿದರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ, ಅದರ ಪರಿಣಾಮ ಶ್ವಾಸಕೋಶದ ಮೇಲೆ ಗಂಟೆಗಳ ನಂತರ ತೋರಬಹುದು. ಆಕ್ಸಿಜನ್ ರೆಗ್ಯುಲೇಟರ್‌ಗೆ ಗ್ರೀಸ್ ತಾಗಬಾರದು. ಅಸಿಟಿಲೀನ್ ಒತ್ತಡ ಗೇಜ್‌ನಲ್ಲಿ 1 ಬಾರ್ ಆಸುಪಾಸನ್ನು ಮೀರಬಾರದು.

ಮೂರನೆಯ ಉತ್ತರ

ಪಟ್ಟಿಯನ್ನು ಪೂರ್ತಿ ಬಿಡಬೇಡಿ, ಹೋಸ್, ಭಾರ ಎತ್ತಲು ಬಳಸುವ ಸ್ಲಿಂಗ್, ಬೆಂಕಿ ನಂದಿಸುವ ಸಿಲಿಂಡರ್‌ಗಳಿಗೆ ಅದು ಬೇಕೇ ಬೇಕು. ನನ್ನ ಅನುಭವದಲ್ಲಿ ತಪಾಸಣೆ ಸೋಲುವುದು ಕಂಡುಹಿಡಿಯುವಲ್ಲಿ ಅಲ್ಲ, ಕಂಡದ್ದನ್ನು ಮುಗಿಸುವಲ್ಲಿ. 'ಸ್ವಚ್ಛತೆ ಸುಧಾರಿಸಬೇಕು' ಎಂದು ಬರೆದ ವರದಿಯಿಂದ ಯಾರೂ ಏನನ್ನೂ ಮಾಡಲಾರರು. ಯಾವ ಯಂತ್ರ, ಯಾವ ಅಪಾಯ, ಯಾರು ಸರಿಪಡಿಸುತ್ತಾರೆ, ಎಂದಿನೊಳಗೆ, ಅಲ್ಲಿಯವರೆಗೆ ತಾತ್ಕಾಲಿಕ ರಕ್ಷಣೆ ಏನು ಎಂಬುದು ಬರಹದಲ್ಲಿರಬೇಕು. ಒಂದೇ ಗಾರ್ಡ್ ಮತ್ತೆ ಮತ್ತೆ ಬಿಚ್ಚಿಟ್ಟಿರುವುದು ಕಂಡರೆ ಕೆಲಸಗಾರರಿಗೆ ನೋಟಿಸ್ ಕೊಡುವ ಬದಲು, ಗ್ರೀಸ್ ಹಾಕಲು ಅದನ್ನು ಪ್ರತಿ ಸಲ ಕಳಚಲೇಬೇಕಾದ ಸ್ಥಿತಿ ಇದೆಯೇ ಎಂದು ನೋಡಿ. ಗ್ರೀಸ್ ತುಂಬುವ ಬಾಯಿಯಾದ ನಿಪ್ಪಲ್ಲನ್ನು ಪೈಪ್ ಮೂಲಕ ಗಾರ್ಡ್‌ನ ಹೊರಗೆ ತಂದರೆ ಆ ಸಮಸ್ಯೆಯೇ ಉಳಿಯುವುದಿಲ್ಲ. ದಾಖಲಾಗದೆ ಹೋದ ಆ ಎರಡು ಘಟನೆಗಳನ್ನು, ಯಾರ ಮೇಲೂ ತಪ್ಪು ಹೊರಿಸದೆ, ಈಗಲೇ ಬರೆಸಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಕೆಲಸ ಮುಗಿಯುವ ಮೊದಲೇ ಪಾಳಿ ಬದಲಾದರೆ ವೈಯಕ್ತಿಕ ಬೀಗಗಳ ವಿಷಯದಲ್ಲಿ ಏನು ಮಾಡಬೇಕು?

ಮೊದಲ ಉತ್ತರ ಬರೆದವರು

ಬರುವವರು ತಮ್ಮ ಬೀಗ ಹಾಕಿದ ಮೇಲೆಯೇ ಹೋಗುವವರು ತಮ್ಮದನ್ನು ತೆಗೆಯಬೇಕು. ನಡುವೆ ಒಂದು ಕ್ಷಣವೂ ಯಂತ್ರ ಬೀಗವಿಲ್ಲದೆ ಇರಬಾರದು. ಯಾರಾದರೂ ಬೀಗ ಹಾಕಿಯೇ ಮನೆಗೆ ಹೋಗಿದ್ದರೆ, ಅಧಿಕಾರವುಳ್ಳ ಮೇಲ್ವಿಚಾರಕರು ಆ ವ್ಯಕ್ತಿ ಆವರಣದಲ್ಲಿಲ್ಲವೆಂದು ಖಚಿತಪಡಿಸಿಕೊಂಡು, ಅವರನ್ನು ಸಂಪರ್ಕಿಸಲು ಪ್ರಯತ್ನಿಸಿ, ಯಂತ್ರವನ್ನು ಪರಿಶೀಲಿಸಿದ ಬಳಿಕವಷ್ಟೇ ಅದನ್ನು ತೆಗೆಸಬಹುದು. ಬೀಗ ತೆಗೆದ ವಿಷಯವನ್ನು ಅವರು ಮತ್ತೆ ಕೆಲಸಕ್ಕೆ ಕೈ ಹಾಕುವ ಮೊದಲೇ ಅವರಿಗೆ ತಿಳಿಸಬೇಕು.