ಪದಚರ್ಚೆ: 401 ಪುಟಕ್ಕೆ "ಅನಧಿಕೃತ" ಸರಿಯೇ? ಪಾಸ್‌ವರ್ಡ್ ಇಟ್ಟ ಫೋಲ್ಡರಿಗೆ ಪದ ಬೇಕು (ತುರ್ತು)

ನಮಸ್ಕಾರ,

ಸ್ವಂತ ಜಾಲತಾಣವೊಂದರಲ್ಲಿ ಹಳೆಯ ಕಾಗದಪತ್ರಗಳ ಸ್ಕ್ಯಾನ್ ಇರುವ ಫೋಲ್ಡರಿಗೆ ಅಪಾಚೆ ಸರ್ವರಿನ ಬೇಸಿಕ್ ವಿಧಾನದಲ್ಲಿ ಪಾಸ್‌ವರ್ಡ್ ಹಾಕಿದೆ. ಸಂಜೆಯೊಳಗೆ ಮೂರು ಕಡೆ ಕನ್ನಡ ಕೂರಬೇಕು: ಆತ್‌ನೇಮ್ ಸಾಲಿನ ಹೆಸರು (ಪಾಸ್‌ವರ್ಡ್ ಕೇಳುವ ಕಿಟಕಿಗೆ ಸರ್ವರ್ ಕಳಿಸುವ ಹೆಸರು), 401 ಪುಟ (ಗುರುತು ಕೇಳುವ ಉತ್ತರ), 403 ಪುಟ (ತೆರೆಯಲು ಒಪ್ಪದ ಉತ್ತರ). ಸದ್ಯಕ್ಕೆ 401ಕ್ಕೆ "ಅನಧಿಕೃತ ಪ್ರವೇಶ", 403ಕ್ಕೆ "ಪ್ರವೇಶ ನಿಷಿದ್ಧ" ಎಂದಿದೆ. ಮೊದಲನೆಯದು ಬಂದವರನ್ನು ಗದರಿಸಿದ ಹಾಗೆ ಕೇಳುತ್ತದೆ. ಆಥೆಂಟಿಕೇಶನ್ (ಬಂದವರು ಯಾರೆಂದು ನೋಡುವುದು), ಆಥರೈಸೇಶನ್ (ಅವರನ್ನು ಒಳಬಿಡಬಹುದೇ ಎಂದು ನೋಡುವುದು) ಎರಡನ್ನೂ ಬೇರೆ ಮಾಡಿ ತೋರಿಸುವ ಜೋಡಿ ಪದ ಇದೆಯೇ? ಪಾಸ್‌ವರ್ಡಿಗೆ ಗುಪ್ತಪದವೋ ಪ್ರವೇಶಪದವೋ?

— ಸು.

*

ಎರಡೂ ಬೇಡ. ಗುಟ್ಟುಪದ ಎನ್ನಿ. ಆಥೆಂಟಿಕೇಶನ್ನಿಗೆ ಗುರುತೊರೆ (ಗುರುತು + ಒರೆ, ಗುರುತನ್ನು ಒರೆಗೆ ಹಚ್ಚುವುದು), ಆಥರೈಸೇಶನ್ನಿಗೆ ಒಪ್ಪಿಗೆ. ದೃಢೀಕರಣ, ಅಧಿಕೃತೀಕರಣ ಎಂದು ಬರೆದರೆ ಓದುವವನು ಮೊದಲು ಸಂಸ್ಕೃತ ಕಲಿತು ಬರಬೇಕು. ಕನ್ನಡಕ್ಕೆ ಪದ ಕಟ್ಟುವ ಕಸುವು ಇದೆ, ಬಳಸೋಣ.

— ರಾ.

*

ರಾ. ಅವರೆ, "ಗುರುತೊರೆ" ಎಂದು ತೆರೆಯ ಮೇಲೆ ಬಂದರೆ ನೂರಕ್ಕೆ ತೊಂಬತ್ತು ಜನ ಗುರು + ತೊರೆ ಎಂದೇ ಬಿಡಿಸುತ್ತಾರೆ. ಕೈಬಿಡಿ. ಗುಟ್ಟುಪದವೂ ನಿಲ್ಲದು. ಸಂಸ್ಕೃತ ಬೇಡವೆಂದು ಹೊರಟು "ಪದ"ವನ್ನು ಉಳಿಸಿಕೊಂಡರೆ ಅದು ಅರಿಸಮಾಸ. ಅದಕ್ಕಿಂತ, ಗುಟ್ಟು ಎಂಬುದೇ ಗುಪ್ತದ ತದ್ಭವ. ಮೂಲವನ್ನೇ ಬಳಸಿ: ಗುಪ್ತಪದ. ಲಿನಕ್ಸಿನ ಗ್ನೋಮ್ ತಂತ್ರಾಂಶದ ಕನ್ನಡ ಅನುವಾದದಲ್ಲಿಯೂ ಇದೇ ಇದೆ.

— ಕೆ.ಎನ್.

*

ಗುಟ್ಟು ತದ್ಭವವಲ್ಲ. ಗುಪ್ತ ಪ್ರಾಕೃತದಲ್ಲಿ ಗುತ್ತ ಆಗುತ್ತದೆ. ಆ ದಂತ್ಯ ತಕಾರ ಮೂರ್ಧನ್ಯ ಟಕಾರ ಆಗಲು ಕಾರಣ ತೋರಿಸಿ. ತಮಿಳಿನಲ್ಲಿ ಕುಟ್ಟು, ತೆಲುಗಿನಲ್ಲಿ ಗುಟ್ಟು ಇದೇ ಅರ್ಥದಲ್ಲಿ ಇವೆ. ಇದು ದ್ರಾವಿಡ ಪದ. ಅರಿಸಮಾಸದ ಹೆದರಿಕೆಯೂ ಬೇಡ, ಮಳೆಗಾಲ ಎನ್ನಲು ಯಾರೂ ಹಿಂಜರಿದಿಲ್ಲ.

ಯಾರಾದರೂ "ಕೀಲಿಪದ" ತರುವ ಮುನ್ನ: ನಮ್ಮ ಕಡೆ ಕೀಲಿ ಎಂದರೆ ಬೀಗ, ತೆರೆಯುವುದು ಕೀಲಿಕೈ ಅಥವಾ ಚಾವಿ. ಮೇಲಾಗಿ ಕೀಲಿಪದ ಈಗಾಗಲೇ ಕೀವರ್ಡಿಗೆ ಹೋಗಿದೆ.

— ವಿ., ಧಾರವಾಡ

*

ವ್ಯುತ್ಪತ್ತಿ ಆಮೇಲೆ. ಸಂಜೆಯೊಳಗೆ ಪುಟ ಬೇಕಂತೆ. ಈ ಪುಟಗಳು ಯಾವಾಗ, ಯಾರ ಕಣ್ಣಿಗೆ ಬೀಳುತ್ತವೆ ಎಂದು ಯಾರೂ ಕೇಳಲಿಲ್ಲ. ಪದ ನಿರ್ಧಾರವಾಗಬೇಕಾದದ್ದು ಅಲ್ಲಿ.

401 ಬಂದ ಕೂಡಲೇ ಬ್ರೌಸರ್ ತನ್ನದೇ ಕಿಟಕಿ ತೆರೆದು ಹೆಸರು, ಪಾಸ್‌ವರ್ಡ್ ಕೇಳುತ್ತದೆ. ತಪ್ಪು ಕೊಟ್ಟರೆ ಅದೇ ಕಿಟಕಿ ಮತ್ತೆ. ನೀವು ಬರೆದ 401 ಪುಟ ಕಾಣುವುದು "ರದ್ದು" ಒತ್ತಿದ ಮೇಲೆ ಮಾತ್ರ. ಅಂದರೆ ಅದನ್ನು ಓದುವವರು ಪಾಸ್‌ವರ್ಡ್ ಮರೆತವರು, ಇಲ್ಲದವರು. ಅವರನ್ನು "ಅನಧಿಕೃತ" ಎನ್ನುವುದು ಅನ್ಯಾಯ. ಸಂಕೇತದ ಇಂಗ್ಲಿಷ್ ಹೆಸರು "ಅನ್‌ಆಥರೈಸ್ಡ್" ಎಂದಿದ್ದರೂ ಅದು ಹೇಳುವುದು "ನೀವು ಯಾರೆಂದು ಇನ್ನೂ ತಿಳಿದಿಲ್ಲ" ಎಂದು. ಹೆಸರನ್ನು ಅನುವಾದಿಸಬೇಡಿ, ಕೆಲಸವನ್ನು ಅನುವಾದಿಸಿ.

ಇನ್ನೊಂದು ತೊಡಕಿದೆ. ಪಾಸ್‌ವರ್ಡ್ ಸರಿಯಿದ್ದು, ಯಾರನ್ನು ಒಳಬಿಡಬೇಕೆಂದು ಹೇಳುವ ರಿಕ್ವೈರ್ ಸಾಲಿನಲ್ಲಿ ಆ ಬಳಕೆದಾರನ ಹೆಸರು ಇಲ್ಲದಿದ್ದರೂ ಅಪಾಚೆ 2.4 ರೂಢಿಯಂತೆ ಕಳಿಸುವುದು 401ನ್ನೇ, 403 ಅಲ್ಲ. ಆದ್ದರಿಂದ "ಪಾಸ್‌ವರ್ಡ್ ತಪ್ಪಾಗಿದೆ" ಎಂದು ಖಚಿತವಾಗಿ ಬರೆಯುವ ಹಾಗಿಲ್ಲ. ಇಂಥ ತಾಣದಲ್ಲಿ 403 ಸಾಮಾನ್ಯವಾಗಿ ಬರುವುದು ಇಂಡೆಕ್ಸ್ ಪುಟವಿಲ್ಲದ ಫೋಲ್ಡರನ್ನು ನೇರ ತೆರೆದಾಗ, ಇಲ್ಲವೇ ಫೈಲನ್ನು ಓದಲು ಸರ್ವರಿಗೇ ಅನುಮತಿ ಇಲ್ಲದಾಗ. ಅಲ್ಲಿ "ನಿಷಿದ್ಧ" ಎಂದರೆ ಓದುಗ ತನ್ನದೇ ತಪ್ಪು ಎಂದುಕೊಳ್ಳುತ್ತಾನೆ.

ಆತ್‌ನೇಮಿಗೆ ಕನ್ನಡ ಹಾಕಲೇಬೇಡಿ. ಅದು ಎಚ್‌ಟಿಟಿಪಿ ಹೆಡರಿನಲ್ಲಿ (ಪುಟಕ್ಕೂ ಮುನ್ನ ಸರ್ವರ್ ಕಳಿಸುವ ಸಾಲುಗಳಲ್ಲಿ) ಹೋಗುತ್ತದೆ, ಕನ್ನಡ ಅಕ್ಷರ ಕೆಟ್ಟು ಕಾಣುವ ಸಂಭವ ಹೆಚ್ಚು. ಕೆಲವು ಬ್ರೌಸರುಗಳು ಅದನ್ನು ತೋರಿಸುವುದೂ ಇಲ್ಲ. ಕನ್ನಡದ ಸೂಚನೆ ಇರಬೇಕಾದದ್ದು ಫೋಲ್ಡರಿಗೆ ಕೊಂಡಿ ಕೊಟ್ಟ ಪುಟದಲ್ಲಿ, ಕಿಟಕಿ ತೆರೆಯುವ ಮುನ್ನ.

"ಸುರಕ್ಷಿತ" ಎಂಬ ಪದ ಎಚ್‌ಟಿಟಿಪಿಎಸ್ (ಗೂಢಲಿಪಿಯ ಸಂಪರ್ಕ) ಇದ್ದರೆ ಮಾತ್ರ ಬರೆಯಿರಿ. ಬೇಸಿಕ್ ವಿಧಾನ ಪಾಸ್‌ವರ್ಡನ್ನು ಬೇಸ್64ರಲ್ಲಿ ಕಳಿಸುತ್ತದೆ. ಅದು ಗೂಢಲಿಪಿಯಲ್ಲ, ನಡುವೆ ಸಿಕ್ಕವರು ಕ್ಷಣದಲ್ಲಿ ಬಿಡಿಸಬಲ್ಲರು. ಪಾಸ್‌ವರ್ಡ್ ಕಡತವನ್ನು ಜಾಲತಾಣದ ಫೋಲ್ಡರಿನಿಂದ ಹೊರಗಿಡಿ, ಅದರ ದಾರಿಯನ್ನು (ಪಾತ್) ಮೂಲದಿಂದ ಪೂರ್ತಿ ಬರೆಯಿರಿ. ಅರ್ಧ ದಾರಿ ಬರೆದರೆ ಅಪಾಚೆ ತನ್ನ ಸರ್ವರ್‌ರೂಟಿನಿಂದ (ಅಪಾಚೆಯ ಸ್ವಂತ ಮೂಲ ಫೋಲ್ಡರಿನಿಂದ) ಹುಡುಕುತ್ತದೆ. ಆ ಕಡತ ತಯಾರಿಸುವ ಎಚ್‌ಟಿಪಾಸ್‌ಡಬ್ಲ್ಯುಡಿ (htpasswd) ಆಜ್ಞೆಯ ಜೊತೆ ಮೈನಸ್ ಸಿ (ಹೊಸ ಕಡತ ಮಾಡು ಎಂಬ ಸೂಚನೆ) ಮೊದಲ ಬಳಕೆದಾರನಿಗೆ ಮಾತ್ರ. ಎರಡನೆಯವನಿಗೂ ಹಾಕಿದರೆ ಹಳೆಯ ಕಡತ ಅಳಿಸಿಹೋಗುತ್ತದೆ. ದೊಡ್ಡಕ್ಷರದ ಬಿ ಹಾಕಿದರೆ ಪಾಸ್‌ವರ್ಡ್ ಬಿಕ್ರಿಪ್ಟ್ ಎಂಬ ವಿಧಾನದಲ್ಲಿ ಮರೆಯಾಗಿ ಕಡತ ಸೇರುತ್ತದೆ. ಚಿಕ್ಕ ಬಿ ಬೇರೆಯೇ: ಪಾಸ್‌ವರ್ಡನ್ನು ಆಜ್ಞೆಯ ಸಾಲಿನಲ್ಲೇ ಕೊಡುವುದು, ಅದು ಶೆಲ್ಲಿನ ಹಳೆಯ ಆಜ್ಞೆಗಳ ಪಟ್ಟಿಯಲ್ಲಿ ಉಳಿಯುತ್ತದೆ.

ಪದಗಳು: ಆಥೆಂಟಿಕೇಶನ್ = ಗುರುತು ಖಚಿತಪಡಿಸುವುದು, ಆಥರೈಸೇಶನ್ = ಅನುಮತಿ, ಪಾಸ್‌ವರ್ಡ್ = ಪಾಸ್‌ವರ್ಡ್.

— ಎಂ.

*

ಕೊನೆಗೆ ಪಾಸ್‌ವರ್ಡೇ! ಹೀಗೆ ಒಂದೊಂದಾಗಿ ಬಿಟ್ಟುಕೊಟ್ಟರೆ ಕನ್ನಡದಲ್ಲಿ ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ.

— ರಾ.

*

ವಿಭಕ್ತಿ ಉಳಿದರೆ ಭಾಷೆ ಉಳಿಯಿತು. ಚಾವಿ ಪೋರ್ಚುಗೀಸಿನಿಂದ ಬಂತು, ಅರ್ಜಿ ಅರಬ್ಬಿ ಮೂಲದ್ದು. ಎರಡನ್ನೂ ನಮ್ಮ ಅಜ್ಜಂದಿರು ಬಳಸಿದರು. ಪಾಸ್‌ವರ್ಡಿಗೆ, ಪಾಸ್‌ವರ್ಡಿನಿಂದ ಎಂದು ಹಳ್ಳಿಯ ಸೈಬರ್ ಅಂಗಡಿಯಲ್ಲೂ ಕೇಳುತ್ತೇವೆ. ಗುಪ್ತಪದ ಅಲ್ಲಿ ಕೇಳಿದವರಿದ್ದರೆ ಬರೆಯಲಿ.

— ವಿ., ಧಾರವಾಡ

*

ಬಳಕೆ ಹೆಚ್ಚೆಂದು ಎಲ್ಲ ಒಪ್ಪುವುದಾದರೆ ಈ ಪದಚರ್ಚೆ ಯಾಕೆ? ಗುಪ್ತಪದ ಕಟ್ಟಿದವರು ಯೋಚಿಸಿಯೇ ಕಟ್ಟಿದ್ದಾರೆ. ನನ್ನ ಕಡೆಯಿಂದ ಇಷ್ಟೇ.

— ಕೆ.ಎನ್.

*

ಎಲ್ಲರಿಗೂ ವಂದನೆ. ಹೀಗೆ ಹಾಕುತ್ತಿದ್ದೇನೆ.

ಕೊಂಡಿಯ ಪಕ್ಕ: "ಈ ಕಡತಗಳನ್ನು ತೆರೆಯಲು ಬಳಕೆದಾರ ಹೆಸರು ಮತ್ತು ಪಾಸ್‌ವರ್ಡ್ ಬೇಕು."
401: "ನಿಮ್ಮ ಗುರುತು ಖಚಿತವಾಗಲಿಲ್ಲ, ಅಥವಾ ಈ ಹೆಸರಿಗೆ ಇಲ್ಲಿ ಅನುಮತಿ ಇಲ್ಲ. ಪುಟವನ್ನು ಮತ್ತೆ ತೆರೆದು ಹೆಸರು, ಪಾಸ್‌ವರ್ಡ್ ಕೊಡಿ."
403: "ಈ ವಿಳಾಸವನ್ನು ನೇರವಾಗಿ ತೆರೆಯಲು ಆಗುವುದಿಲ್ಲ."

— ಸು.

*

ಸರಿಯಾಗಿದೆ. ಯಾವ ದೋಷಕ್ಕೆ ಯಾವ ಪುಟ ಎಂದು ಹೇಳುವ ಎರರ್‌ಡಾಕ್ಯುಮೆಂಟ್ ಸಾಲಿನಲ್ಲಿ 401ಕ್ಕೆ ಓರೆಗೆರೆಯಿಂದ ಶುರುವಾಗುವ ಒಳದಾರಿ ಕೊಡಿ. ಪೂರ್ಣ ವಿಳಾಸ ಕೊಟ್ಟರೆ ಅಪಾಚೆ ಅದನ್ನು ಕಡೆಗಣಿಸಿ ತನ್ನ ಇಂಗ್ಲಿಷ್ ಸಂದೇಶವನ್ನೇ ತೋರಿಸುತ್ತದೆ. ಆ ಪುಟ, ಅದರ ಚಿತ್ರಗಳು ಪಾಸ್‌ವರ್ಡ್ ಇಟ್ಟ ಫೋಲ್ಡರಿನ ಹೊರಗಿರಲಿ. ಇದನ್ನೆಲ್ಲ ಎಚ್‌ಟಿಆಕ್ಸೆಸ್ ಕಡತದಲ್ಲಿ (ಫೋಲ್ಡರಿನೊಳಗೇ ಇಡುವ ಅಪಾಚೆ ಸೂಚನೆಗಳ ಕಡತ) ಬರೆಯುವುದಾದರೆ, ಆ ಕಡತದಲ್ಲಿ ಏನೇನು ಬರೆಯಬಹುದು ಎಂದು ಸರ್ವರಿಗೆ ಹೇಳುವ ಅಲೋಓವರ್‌ರೈಡಿನಲ್ಲಿ ಆತ್‌ಕಾನ್ಫಿಗ್ ಒಂದೇ ಸಾಲದು, ಫೈಲ್‌ಇನ್ಫೋ ಕೂಡ ಬೇಕು. ಇಲ್ಲದಿದ್ದರೆ ಎಲ್ಲರಿಗೂ ಕಾಣುವುದು 500, ಅಂದರೆ ಸರ್ವರಿನ ಒಳದೋಷ.

— ಎಂ.