ಕ್ಯಾರಿಗೆ ಐಕಿಯಾ ಬರುತ್ತದಂತೆ

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಇಪ್ಪತ್ಮೂರು ಜನರಿದ್ದೇವೆ. ಅಕ್ಕ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ, ರಾಲೆಗೆ ಅಂಟಿಕೊಂಡಂತಿರುವ ಕ್ಯಾರಿಯಲ್ಲಿದ್ದಾಳೆ. ಅಣ್ಣ ಅದೇ ರಾಜ್ಯದ ಶಾರ್ಲಟ್‌ನಲ್ಲಿದ್ದಾನೆ. ನಡುವೆ ಸುಮಾರು 250 ಕಿಲೋಮೀಟರ್, ಕಾರಿನಲ್ಲಿ ಎರಡೂವರೆ ಗಂಟೆ. ಮೈಸೂರಿನಲ್ಲಿ ಕುಳಿತ ನಮಗೆ ಇಬ್ಬರೂ ಒಂದೇ ಕಡೆ ಇದ್ದಾರೆ ಎನಿಸುತ್ತದೆ. ಅವರಿಬ್ಬರಿಗೆ ಮಾತ್ರ ಎಂದೂ ಹಾಗೆ ಅನಿಸಿಲ್ಲ.

ಕಳೆದ ಭಾನುವಾರ ಬೆಳಿಗ್ಗೆ ಆರೂವರೆಗೆ ವಿಜಯನಗರದ ಚಿಕ್ಕಪ್ಪ ಗುಂಪಿಗೆ ಒಂದು ಚಿತ್ರ ಹಾಕಿದರು. ಐಕಿಯಾ ಎಂಬ ಪೀಠೋಪಕರಣದ ಅಂಗಡಿಯ ಬಗೆಗಿನ ಇಂಗ್ಲಿಷ್ ಸುದ್ದಿಯೊಂದರ ತುಣುಕು. ದಿನಾಂಕವಿಲ್ಲ, ಕೆಳಗಿನ ಅರ್ಧ ಕತ್ತರಿಸಿ ಹೋಗಿದೆ.

ಚಿಕ್ಕಪ್ಪ: ಕ್ಯಾರಿಗೆ ಐಕಿಯಾ ಬರುತ್ತಿದೆ. ಅಭಿನಂದನೆ ಪುಟ್ಟಿ. ಕೊನೆಗೂ ನಿಮ್ಮದೂ ದೊಡ್ಡ ಊರಾಯಿತು.

ಅಣ್ಣ: ನಮ್ಮಲ್ಲಿ 2009ರಿಂದಲೇ ಇದೆ ಚಿಕ್ಕಪ್ಪ. ಅಕ್ಕ ಪುಸ್ತಕದ ಕಪಾಟು ಕೊಳ್ಳಲು ಇಲ್ಲಿಗೇ ಬಂದಿದ್ದಳು.

ಅಕ್ಕ: ಬಂದಿದ್ದೆ. ಪೆಟ್ಟಿಗೆ ಕಾರಿನಲ್ಲಿ ಹಿಡಿಸದೆ, ಹಿಂದಿನ ಬಾಗಿಲನ್ನು ಹಗ್ಗದಲ್ಲಿ ಕಟ್ಟಿಕೊಂಡು ಒಬ್ಬಳೇ ವಾಪಸು ಬಂದೆ. ನಿನ್ನ ಮನೆ ಅಲ್ಲಿಂದ ಇಪ್ಪತ್ತು ನಿಮಿಷ. ಅವತ್ತು ನಿನಗೆ ಕ್ರಿಕೆಟ್ ಇತ್ತು.

ಅಣ್ಣ: ಹನ್ನೆರಡು ವರ್ಷದ ಹಿಂದಿನ ಮಾತು.

ಅಕ್ಕ: ಕಪಾಟು ಇನ್ನೂ ಇದೆ.

ಆ ‘ಕೊನೆಗೂ’ ಎಂಬ ಮಾತು ಅಕ್ಕನಿಗೆ ಎಷ್ಟು ಚುಚ್ಚಿತು ಎಂಬುದು ನನಗೆ ಗೊತ್ತು. ಇಪ್ಪತ್ತು ವರ್ಷದಿಂದ ಆ ಊರನ್ನು ತನ್ನದೆಂದು ಬಾಳಿದವಳು ಅವಳು. ಅಲ್ಲಿಯೇ ಮಕ್ಕಳನ್ನು ಹೆತ್ತಳು, ಅಲ್ಲಿಯೇ ಮನೆ ಕಟ್ಟಿಸಿದಳು. ಒಂದು ಪೀಠೋಪಕರಣದ ಅಂಗಡಿ ಬಂದು ಊರಿಗೆ ಮರ್ಯಾದೆ ತರಬೇಕು ಎಂದರೆ ಯಾರಿಗಾದರೂ ನೋವಾಗುತ್ತದೆ.

ಅಷ್ಟರಲ್ಲಿ ಚಿಕ್ಕಪ್ಪನ ಮಗಳು ಎದ್ದಿದ್ದಳು. ನಮ್ಮ ಗುಂಪಿನಲ್ಲಿ ಯಾರು ಏನು ಕಳುಹಿಸಿದರೂ ಮೂಲ ಕೇಳುವವಳು ಅವಳೊಬ್ಬಳೇ.

ತಂಗಿ: ಅಪ್ಪ, ಇದು 2017ರ ಸುದ್ದಿ. ಕ್ಯಾರಿ ಟೌನ್ ಸೆಂಟರ್ ಎಂಬ ಮಾಲ್‌ನ ಜಾಗದಲ್ಲಿ ಐಕಿಯಾ ಬರುತ್ತದೆ ಎಂದಿದ್ದರು. 2018ರಲ್ಲಿ ಕಂಪನಿಯೇ ಯೋಜನೆ ಕೈಬಿಟ್ಟಿತು. ಆ ಮಾಲ್ ಕೂಡ 2021ರಲ್ಲಿ ಮುಚ್ಚಿತು. ಜಾಗವನ್ನು ಎಪಿಕ್ ಗೇಮ್ಸ್ ಎಂಬ ವಿಡಿಯೊ ಗೇಮ್ ಕಂಪನಿ ಕೊಂಡುಕೊಂಡಿತು. ಇದನ್ನು ಎಲ್ಲಿಂದ ತಂದಿರಿ?

ಚಿಕ್ಕಪ್ಪ: ವಾಕಿಂಗ್ ಗೆಳೆಯರು ಕಳುಹಿಸಿದ್ದು. ಅವರ ಮಗನೂ ಅಲ್ಲೇ ಇರುವುದು.

ದೊಡ್ಡಪ್ಪ: ತಂದೆ ತಪ್ಪು ಮಾಡಿದರೆ ಮನೆಯಲ್ಲಿ ಕೂತು ಹೇಳಬೇಕು. ಇಪ್ಪತ್ಮೂರು ಜನರ ಮುಂದೆ ಹೇಳುವುದು ನಮ್ಮ ಮನೆಯ ಪದ್ಧತಿಯಲ್ಲ.

ತಂಗಿ: ಇಪ್ಪತ್ಮೂರು ಜನರ ಮುಂದೆ ಕಳುಹಿಸಿದ್ದರಲ್ಲ ದೊಡ್ಡಪ್ಪ.

ಚರ್ಚೆ ಇಲ್ಲಿಗೇ ಮುಗಿಯಬೇಕಿತ್ತು. ಸುದ್ದಿ ಸುಳ್ಳು, ಅಂಗಡಿ ಬರುತ್ತಿಲ್ಲ. ಮಾತನಾಡಲು ಇನ್ನೇನು ಉಳಿದಿತ್ತು? ಆದರೆ ಆ ಹೊತ್ತಿಗೆ ಐಕಿಯಾ ಯಾರಿಗೂ ಬೇಕಾಗಿರಲಿಲ್ಲ.

ಅಣ್ಣ ತನ್ನ ಊರಿನ ಪರವಾಗಿ ಉದ್ದದ ಸಂದೇಶ ಬರೆದ. ಶಾರ್ಲಟ್‌ನ ಸೌತ್‌ಪಾರ್ಕ್ ಮಾಲ್ 1970ರಲ್ಲಿ, ಹಿಂದಿನ ಗವರ್ನರ್ ಒಬ್ಬರ ಹೊಲದ ಜಾಗದಲ್ಲಿ ಎದ್ದದ್ದು. ಅಲ್ಲಿಗೆ ದುಬಾರಿ ಅಂಗಡಿಗಳಾದ ನಾರ್ಡ್‌ಸ್ಟ್ರಾಮ್ 2004ರಲ್ಲಿ, ನೀಮನ್ ಮಾರ್ಕಸ್ 2006ರಲ್ಲಿ ಬಂದವು. 2020ರ ಜನಗಣತಿಯಲ್ಲಿ ಶಾರ್ಲಟ್‌ನ ಜನಸಂಖ್ಯೆ 8,74,579, ರಾಲೆಯದು 4,67,665. ‘ಈಗ ಜನ ನಮ್ಮನ್ನು ಅಟ್ಲಾಂಟಾ ಜೊತೆ ಇಟ್ಟು ಮಾತನಾಡುತ್ತಾರೆ’ ಎಂದು ಮುಗಿಸಿದ್ದ.

ಅವನ ಹೆಮ್ಮೆ ನನಗೆ ಅರ್ಥವಾಗುತ್ತದೆ. ದುಬಾರಿ ಅಂಗಡಿಗಳು ಸುಮ್ಮನೆ ಒಂದು ಊರಿಗೆ ಬರುವುದಿಲ್ಲ. ಸುತ್ತಲಿನ ಮನೆಗಳ ಆದಾಯವೆಷ್ಟು, ಎಷ್ಟು ದೂರದಿಂದ ಕಾರಿನಲ್ಲಿ ಬರುತ್ತಾರೆ ಎಂದು ಲೆಕ್ಕ ಹಾಕಿ ಬರುತ್ತವೆ. ಹೀಗಾಗಿ ಅಂಗಡಿಯ ಹೆಸರು ಊರಿಗೆ ಸಿಕ್ಕ ಅಂಕಪಟ್ಟಿಯಾಗಿಬಿಡುತ್ತದೆ. ಅಣ್ಣ ಕೆಲಸಕ್ಕೆ ಸೇರಿದ ಹೊಸದರಲ್ಲಿ ನ್ಯೂಯಾರ್ಕಿನ ಸಹೋದ್ಯೋಗಿಗಳು ಶಾರ್ಲಟ್ ಎಂದರೆ ಯಾವ ರಾಜ್ಯ ಎಂದು ಕೇಳುತ್ತಿದ್ದರಂತೆ. ಅಂಥವನಿಗೆ ಅಂಕಪಟ್ಟಿ ಬೇಕಾಗುತ್ತದೆ.

ಅಕ್ಕ: ನಾರ್ಡ್‌ಸ್ಟ್ರಾಮ್ ನಮ್ಮ ಪಕ್ಕದ ಡರಂಗೆ 2002ರಲ್ಲೇ ಬಂತು. ನಿನಗಿಂತ ಎರಡು ವರ್ಷ ಮೊದಲು.

ಅಣ್ಣ: ಡರಂ ನಿನ್ನ ಊರಲ್ಲ.

ಅಕ್ಕ: ನೀಮನ್ ಮಾರ್ಕಸ್ 2020ರಲ್ಲಿ ದಿವಾಳಿ ಅರ್ಜಿ ಹಾಕಿತ್ತು. 2024ರಲ್ಲಿ ಸ್ಯಾಕ್ಸ್ ಎಂಬ ಇನ್ನೊಂದು ದುಬಾರಿ ಅಂಗಡಿಯವರ ಪಾಲಾಯಿತು. ಅದರ ಹೆಸರಿನಿಂದ ನಿನ್ನ ಊರು ದೊಡ್ಡದಾಗಬೇಕೇ? ನಮ್ಮ ವೆಂಕಟೇಶ್ವರ ದೇವಸ್ಥಾನದ ರಾಜಗೋಪುರ 87 ಅಡಿ. 2022ರಲ್ಲಿ ಗವರ್ನರ್ ಬಂದು ಉದ್ಘಾಟಿಸಿದರು. ದೀಪಾವಳಿಗೆ ನೀನೂ ಇಲ್ಲಿಗೇ ಬರುತ್ತೀಯ.

ಆಗ ತಂಗಿ ಮತ್ತೆ ಬರೆದಳು. ಅಣ್ಣನನ್ನು ನೋಯಿಸಲು ಬರೆದಿರಲಾರಳು, ಆದರೆ ನೋವಾಯಿತು.

ತಂಗಿ: 2014ರಲ್ಲಿ ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಸಂಗಡಿಗರ ಅಧ್ಯಯನ ಬಂದಿತ್ತು. ಬಡ ಮನೆಯ ಮಗು ಬೆಳೆದು ಶ್ರೀಮಂತರ ಸಾಲಿಗೆ ಏರುವ ಸಾಧ್ಯತೆ ಎಲ್ಲಿ ಎಷ್ಟು ಎಂದು ಅಮೆರಿಕದ 50 ದೊಡ್ಡ ನಗರ ಪ್ರದೇಶಗಳನ್ನು ಹೋಲಿಸಿದ್ದರು. ಶಾರ್ಲಟ್ 50ನೆಯದು, ಏರುವ ಸಾಧ್ಯತೆ 100ಕ್ಕೆ 4.4. ರಾಲೆಯೂ ಕೊನೆಯ ಹತ್ತರಲ್ಲೇ ಇತ್ತು ಅಕ್ಕ.

ಅಣ್ಣ: ಗೊತ್ತು. ಆ ಪಟ್ಟಿ ಬಂದಾಗ ಊರಿಗೆ ಊರೇ ತಲೆ ತಗ್ಗಿಸಿತ್ತು. ಅದಕ್ಕೆಂದೇ ಒಂದು ಕಾರ್ಯಪಡೆ ರಚಿಸಿದರು, 2017ರಲ್ಲಿ ವರದಿ ಕೊಟ್ಟರು. ಅಂದಿನಿಂದ ನಾನು ಶನಿವಾರ ಬೆಳಿಗ್ಗೆ ಹುಡುಗರಿಗೆ ಗಣಿತ ಹೇಳಿಕೊಡಲು ಹೋಗುತ್ತೇನೆ. ಯಾರಿಗೂ ಹೇಳಿರಲಿಲ್ಲ.

ಈ ಸಂದೇಶಕ್ಕೆ ಒಬ್ಬರೂ ಉತ್ತರಿಸಲಿಲ್ಲ, ನಾನೂ ಸೇರಿ. ಆ ಇಡೀ ಬೆಳಿಗ್ಗೆ ಬಂದ ಸಂದೇಶಗಳಲ್ಲಿ ಎರಡು ಸಲ ಓದಬೇಕಾದದ್ದು ಇದೊಂದೇ ಆಗಿತ್ತು. ಇದರ ಕೆಳಗೇ ಹಾಸನದ ಅಣ್ಣ, ದೊಡ್ಡಪ್ಪನ ಹಿರಿಯ ಮಗ, ಎಂದಿನಂತೆ ಮೈಸೂರಿನ ದೇವರಾಜ ಮಾರುಕಟ್ಟೆಯನ್ನು ತಂದು ಸುರಿದರು.

ಹಾಸನದ ಅಣ್ಣ: ಯಾವ ಮಾಲ್ ಆದರೇನು, ನಮ್ಮ ಮಾರುಕಟ್ಟೆಯ ಪರಿಮಳ ಬರುತ್ತದೆಯೇ? ಕುಂಕುಮದ ಗುಡ್ಡೆಗಳು, ಮಲ್ಲಿಗೆಯ ಮೊಳ, ವೀಳ್ಯದೆಲೆಯ ಕಟ್ಟು, ನಂಜನಗೂಡು ರಸಬಾಳೆಯ ಗೊನೆ. ಲ್ಯಾನ್ಸ್‌ಡೌನ್ ಕಟ್ಟಡದ ಹಳೆಯ ಪುಸ್ತಕದ ಅಂಗಡಿಗಳಲ್ಲಿ ಅರ್ಧ ಬೆಲೆಗೆ ಪಠ್ಯಪುಸ್ತಕ ಕೊಂಡು ಓದಿದವರು ನಾವು.

ನಾನು: ಆ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ನಾಲ್ವರು ಸತ್ತರು ಅಣ್ಣ. ಮಾರುಕಟ್ಟೆಯ ಉತ್ತರ ದ್ವಾರ 2016ರಲ್ಲಿ ಬಿತ್ತು. ಅದೇ ವರ್ಷ ದೇಶದ 73 ನಗರಗಳಲ್ಲಿ ಸ್ವಚ್ಛತೆಗೆ ನಾವೇ ಮೊದಲು ಎಂದು ಸಿಹಿ ಹಂಚಿದೆವು.

ನನಗೂ ಸಿಟ್ಟು ಬಂದಿತ್ತು. ಊರಿಗೆ ಸಿಕ್ಕ ಬಹುಮಾನವನ್ನು ಎಲ್ಲರೂ ನೆನಪಿಡುತ್ತಾರೆ. ಊರಿನಲ್ಲಿ ಬಿದ್ದ ಗೋಡೆಯ ಪಕ್ಕದಲ್ಲಿ ದಿನವೂ ಹೂವು ಕೊಳ್ಳುವವರು ನಾವು, ಇಲ್ಲಿಯೇ ಉಳಿದವರು.

ದೊಡ್ಡಪ್ಪ ಎಲ್ಲರನ್ನೂ ಸಮಾಧಾನ ಮಾಡಲು ಬಂದರು. 2024ರ ಜುಲೈನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಮಾಲ್ ಒಂದರಲ್ಲಿ ಪಂಚೆ ಉಟ್ಟಿದ್ದಾರೆಂದು ಹಾವೇರಿ ಕಡೆಯ ರೈತರೊಬ್ಬರನ್ನು ಒಳಗೆ ಬಿಡದೆ ತಡೆದದ್ದನ್ನು ನೆನಪಿಸಿದರು. ಮಗನ ಜೊತೆ ಸಿನಿಮಾ ನೋಡಲು ಬಂದವರು ಅವರು. ಸರ್ಕಾರ ಆ ಮಾಲನ್ನು ಏಳು ದಿನ ಮುಚ್ಚಿಸಿತು. ‘ಪಂಚೆ ಉಟ್ಟವನಿಗೆ ಜಾಗವಿಲ್ಲದ ಅಂಗಡಿ ಊರಿಗೆ ಯಾವ ಹೆಸರು ತರುತ್ತದೆ?’ ಎಂದು ಕೇಳಿದರು.

ದೊಡ್ಡಪ್ಪ ಬರೆದದ್ದು ಸರಿಯಾಗಿಯೇ ಇತ್ತು. ಆದರೆ ಪಂಚೆ ಎಂಬ ಪದ ನಮ್ಮ ಮನೆಯಲ್ಲಿ ಬೇರೆಯದೇ ಗಾಯ.

ಅಕ್ಕ: ಬೆಂಗಳೂರಿನ ಮಾಲ್ ಯಾಕೆ ದೊಡ್ಡಪ್ಪ? ಅಪ್ಪ ಶಾರ್ಲಟ್‌ಗೆ ಹೋದಾಗ ಸೌತ್‌ಪಾರ್ಕ್‌ಗೆ ಹೊರಡುವ ಮುಂಚೆ ಪಂಚೆ ಬಿಚ್ಚಿಸಿ ಪ್ಯಾಂಟ್ ಹಾಕಿಸಿದವನು ಇವನು. ಅಲ್ಲಿ ಅಪ್ಪನನ್ನು ತಡೆಯುವವರು ಯಾರೂ ಇರಲಿಲ್ಲ. ಮಗನೇ ತಡೆದ.

ನಲವತ್ತು ನಿಮಿಷ ಯಾರೂ ಬರೆಯಲಿಲ್ಲ. ಅಪ್ಪ ತೀರಿಕೊಂಡು ಐದು ವರ್ಷವಾಗಿದೆ. ಈ ಮಾತನ್ನು ಅಕ್ಕ ನನ್ನೊಂದಿಗೆ ಎರಡು ಸಲ ಆಡಿದ್ದಳು, ಅಣ್ಣನಿಗೆ ಎಂದೂ ಹೇಳಿರಲಿಲ್ಲ. ‘ಅಣ್ಣ ಟೈಪ್ ಮಾಡುತ್ತಿದ್ದಾರೆ’ ಎಂದು ಬರುವುದು, ನಿಲ್ಲುವುದು, ಮತ್ತೆ ಬರುವುದು. ನಾನು ಒಲೆಯ ಮೇಲೆ ಹಾಲಿಟ್ಟು ಅದನ್ನೇ ನೋಡುತ್ತಾ ನಿಂತಿದ್ದೆ. ಹಾಲು ಉಕ್ಕಿತು.

ಅಣ್ಣ: ಫೆಬ್ರವರಿ ತಿಂಗಳು ಅಕ್ಕ. ಹೊರಗೆ ಹಿಮ ಬಿದ್ದಿತ್ತು. ಚಳಿ ಎಂದು ಹೇಳಿ ಹಾಕಿಸಿದೆ. ಚಳಿಗಾಗಿ ಮಾತ್ರ ಅಲ್ಲ ಎಂಬುದು ನನಗೂ ಗೊತ್ತು, ಅಪ್ಪನಿಗೂ ಗೊತ್ತಿತ್ತು.

ಅದರ ಬೆನ್ನಿಗೇ ಒಂದು ಫೋಟೋ ಬಂತು. ಮಾಲ್‌ನ ಒಳಗಿನ ಬೆಂಚು. ಅಪ್ಪ ಅಣ್ಣನ ಬೂದು ಬಣ್ಣದ ಪ್ಯಾಂಟ್ ಹಾಕಿದ್ದಾರೆ. ಉದ್ದವಾಗಿದೆ, ಕಾಲಿನ ಬಳಿ ಎರಡು ಮಡಿಕೆ ಮಡಚಿದ್ದಾರೆ. ಕೈಯಲ್ಲಿ ಕಾಗದದ ಲೋಟ. ಪಕ್ಕದಲ್ಲಿ ಅವರ ಬಟ್ಟೆಯ ಚೀಲ, ಮೈಸೂರಿನಿಂದ ಹೋದದ್ದು. ಚೀಲದ ಬಾಯಿಯಿಂದ ಪಂಚೆಯ ಹಸಿರು ಅಂಚು ಎರಡು ಬೆರಳಿನಷ್ಟು ಇಣುಕುತ್ತಿದೆ. ಮಡಿಸಿ ಜೊತೆಗೇ ಒಯ್ದಿದ್ದರು.

ಅಣ್ಣ: ವಾಪಸು ಬರುವಾಗ ಕಾರಿನಲ್ಲಿಯೇ ಉಟ್ಟುಕೊಂಡರು.

ಅಕ್ಕ: ಈ ಫೋಟೋ ನನ್ನ ಹತ್ತಿರ ಇರಲಿಲ್ಲ. ಇದು ಮಸುಕಾಗಿದೆ. ಮೂಲ ಇದ್ದರೆ ಇಮೇಲ್‌ನಲ್ಲಿ ಕಳುಹಿಸು.

ಅಣ್ಣ: ಕಳುಹಿಸುತ್ತೇನೆ. ಬೇಡ, ಶನಿವಾರ ತರಗತಿ ಮುಗಿಸಿ ನಾನೇ ತರುತ್ತೇನೆ.

ಅಕ್ಕ: ಊಟಕ್ಕೆ ಬಾ.

ಚಿಕ್ಕಪ್ಪ: ಹಾಗಾದರೆ ಐಕಿಯಾ ಬರುತ್ತದೆಯೋ ಇಲ್ಲವೋ?