ಮೊಣಕೈಗೆ ಬಡಿದರೆ ಕರೆಂಟ್ ಹೊಡೆಯುವ ನರ: ನಿಮ್ಮ ಕಡೆ ಏನಂತಾರೆ?

ಎಲ್ಲರಿಗೂ ನಮಸ್ಕಾರ.

ಈ ಸಲ ಮೆಣಸು ಕೊಯ್ಯುವಾಗ ಏಣಿಯಿಂದ ಇಳಿಯುತ್ತಾ ಬಲ ಮೊಣಕೈಯನ್ನು ಸಿಲ್ವರ್ ಮರಕ್ಕೆ ಬಡಿಸಿಕೊಂಡೆ. ಕಿರುಬೆರಳಿನ ತುದಿವರೆಗೂ ಕರೆಂಟ್ ಹೊಡೆದ ಹಾಗಾಯಿತು. ಇದು ಯಾರಿಗೆ ಆಗಿಲ್ಲ ಹೇಳಿ. ಎರಡು ನಿಮಿಷ ಕೈ ಒದರಿದರೆ ಹೋಗುತ್ತದೆ, ಅಲ್ವಾ? ನನ್ನದು ಹೋಗಲಿಲ್ಲ. ಅದರ ಹಿಂದೆಯೇ ತೋಟದಲ್ಲಿ ಗಿಡಗಸಿ ಶುರುವಾಯಿತು. (ಕೊಡಗಿನ ಕಾಫಿ ತೋಟದಲ್ಲಿ ಕಸಿ ಅಂದರೆ ರೆಕ್ಕೆ, ಅಂದರೆ ಕೊಂಬೆ, ಸವರುವುದು. ಬಯಲುಸೀಮೆಯವರು ಒಂದು ಗಿಡಕ್ಕೆ ಇನ್ನೊಂದನ್ನು ಕೂಡಿಸುವುದು ಅಂದುಕೊಳ್ಳುತ್ತಾರೆ. ಅದನ್ನು ಇನ್ನೊಮ್ಮೆ ಮಾತಾಡೋಣ.) ದಿನವಿಡೀ ಮೊಣಕೈ ಮಡಚಿ ಕತ್ತರಿ ಆಡಿಸಿದ್ದಕ್ಕೆ ರಾತ್ರಿ ಕಿರುಬೆರಳು, ಅದರ ಪಕ್ಕದ ಉಂಗುರಬೆರಳು ಎರಡೂ ಜೋಮು ಹಿಡಿಯತೊಡಗಿದವು.

ತೋಟದ ಹಿರಿಯ ಆಳು ನೋಡಿ, "ನರ ಜಾರಿದೆ ಅಣ್ಣ, ಎಣ್ಣೆ ಹಾಕಿ ಗಟ್ಟಿಯಾಗಿ ತಿಕ್ಕಿ" ಅಂದರು. ಚಿಕ್ಕಮ್ಮ, "ನರದಲ್ಲಿ ರಕ್ತ ಓಡ್ತಾ ಇಲ್ಲ ಕಣೋ, ಬಿಸಿನೀರಲ್ಲಿ ಇಡು" ಅಂದರು. ಮಡಿಕೇರಿಯ ಡಾಕ್ಟರು, "ನರ ಒತ್ತಿಕೊಂಡಿದೆ, ದಯವಿಟ್ಟು ತಿಕ್ಕಬೇಡಿ" ಅಂದರು. ಮೂವರೂ ಹೇಳಿದ್ದು ನರವೇ. ಮೊದಲಿನವರ ಮನಸ್ಸಿನಲ್ಲಿ ಇದ್ದದ್ದು ಎಲುಬಿಗೆ ಮಾಂಸ ಕಟ್ಟುವ ಹುರಿ. ಚಿಕ್ಕಮ್ಮನದು ಮುಂಗೈ ಮೇಲೆ ನೀಲಿಯಾಗಿ ಎದ್ದು ಕಾಣುವ ರಕ್ತದ ದಾರಿ. ಡಾಕ್ಟರದ್ದು ಸುದ್ದಿ ಒಯ್ಯುವ ತಂತಿ. ಮೂರಕ್ಕೂ ನಮ್ಮಲ್ಲಿ ಒಂದೇ ಮಾತು. ಹಾಗಾಗಿಯೇ ನಾನು ನಾಲ್ಕು ದಿನ ಸುಮ್ನೆ ತಿಕ್ಕಿ ನೋವು ಜಾಸ್ತಿ ಮಾಡಿಕೊಂಡೆ.

ಡಾಕ್ಟರು ಹೇಳಿದ ಹೆಸರು ಅಲ್ನಾರ್ ನರ್ವ್. ನೀವೇ ಮುಟ್ಟಿ ನೋಡಬಹುದು. ಕೈ ಅರ್ಧ ಮಡಚಿ, ಮೊಣಕೈಯ ಒಳಬದಿಯಲ್ಲಿ ಉಬ್ಬಿದ ಎಲುಬಿನ ಗುಬ್ಬಿಯ ಹಿಂದೆ ಒಂದು ಸಣ್ಣ ಸಂದು ಸಿಗುತ್ತದೆ. ಅಲ್ಲಿ ಮೆಲ್ಲಗೆ ಬೆರಳಾಡಿಸಿದರೆ ದಪ್ಪ ಹುರಿಯಂಥದ್ದು ಉರುಳುತ್ತದೆ. ಅದೇ ಅದು. ಕುತ್ತಿಗೆಯ ಬುಡದಿಂದ ಹೊರಟು, ಕಂಕುಳು ದಾಟಿ, ಈ ಸಂದಿನಲ್ಲಿ ನುಸುಳಿ ಅಂಗೈಗೆ ಇಳಿಯುತ್ತದೆ. ಬೇರೆ ಕಡೆ ಮಾಂಸದ ಮರೆ ಇದೆ. ಇಲ್ಲಿ ಮಾತ್ರ ಚರ್ಮ, ಎಲುಬು, ನಡುವೆ ನರ. ಕೈ ಮಡಚಿದಷ್ಟೂ ಅದು ಬಿಗಿಯುತ್ತದೆ. ಹಾಗಾಗಿ ಫೋನ್ ಹಿಡಿದು ಮಲಗುವವರಿಗೂ ಇದೇ ತೊಂದರೆ. ಕೆಲವರಿಗೆ ಮಡಚಿದಾಗ ಅದು ಗುಬ್ಬಿಯ ಮೇಲೆ ನಿಜವಾಗಿಯೂ ಜಾರುತ್ತದಂತೆ. ಆಳು ಹೇಳಿದ್ದು ಪೂರ್ತಿ ತಪ್ಪಲ್ಲ!

ಮುಟ್ಟಿದ್ದು ತಿಳಿಸುವುದರಲ್ಲಿ ಇದರ ಪಾಲು ಕಿರುಬೆರಳು ಮತ್ತು ಉಂಗುರಬೆರಳಿನ ಅರ್ಧ. ಉಳಿದರ್ಧ, ನಡುಬೆರಳು, ತೋರುಬೆರಳು, ಹೆಬ್ಬೆರಳು ಬೇರೆ ನರದ್ದು. ಆದರೆ ಅಂಗೈಯೊಳಗಿನ ಸಣ್ಣ ಮಾಂಸಖಂಡಗಳಲ್ಲಿ ಹೆಚ್ಚಿನವನ್ನು ಆಡಿಸುವುದು ಇದೇ. ಡಾಕ್ಟರು ಹೆಬ್ಬೆರಳು, ತೋರುಬೆರಳ ನಡುವೆ ಕಾಗದ ಹಿಡಿಸಿ ಎಳೆದು ನೋಡಿದರು. ನರ ಸೋತಿದ್ದರೆ ಹೆಬ್ಬೆರಳ ಗಿಣ್ಣು ಮಡಚಿಕೊಳ್ಳುತ್ತದಂತೆ. ನನ್ನದು ಮಡಚಲಿಲ್ಲ. ರಾತ್ರಿ ಮೊಣಕೈಗೆ ಟವೆಲ್ ಸುತ್ತಿ ನೆಟ್ಟಗಿಟ್ಟು ಮಲಗಿ ಅಂದರು, ಅಷ್ಟೇ. ಹಾಗೇ ಬಿಟ್ಟರೆ ಜೋಮು ಹೋಗಿ ಮರಗಟ್ಟಬಹುದು, ಕೊನೆಗೆ ಎರಡು ಬೆರಳು ಕೊಕ್ಕೆಯಾಗಬಹುದು. ಜುಮುಗುಡುವ ಜೋಮು ಬೇರೆ, ಮುಟ್ಟಿದ್ದೇ ತಿಳಿಯದಂತೆ ಮರಗಟ್ಟುವುದು ಬೇರೆ ಅನ್ನುವುದನ್ನು ನಮ್ಮ ಕನ್ನಡ ಚೆನ್ನಾಗಿ ಇಟ್ಟುಕೊಂಡಿದೆ. ಡಾಕ್ಟರು ಕೇಳಿದ ಮೊದಲ ಪ್ರಶ್ನೆಯೂ ಅದೇ.

ಈ ಗೊಂದಲ ನಮ್ಮೊಬ್ಬರದೇ ಅಲ್ಲ. ತಮಿಳಿನ ನರಂಬು ಹಳೆಯ ಯಾೞ್ ವಾದ್ಯದ ತಂತಿಗೂ ಹೆಸರು. ನಾವು ಮಾಂಸಖಂಡಕ್ಕೆ ಹೇಳುವ ಸ್ನಾಯು ಬಂಗಾಳಿಯಲ್ಲಿ ನರವೇ ಆಗಿಬಿಟ್ಟಿದೆ.

ಈಗ ನನ್ನ ಪ್ರಶ್ನೆ. ಲ್ಯಾಟಿನಿನಲ್ಲಿ ಅಲ್ನಾ ಅಂದರೆ ಮೊಣಕೈ, ಒಂದು ಅಳತೆ ಕೂಡ. ನಮ್ಮ ಮೊಳವೂ ಹಾಗೇ. ಮೊಣಕೈಯಿಂದ ಬೆರಳ ತುದಿವರೆಗೆ ಒಂದು ಮೊಳ ಹೂವು. ಮೊಳಕೈ ಎಂಬ ರೂಪ ಈಗಲೂ ಇದೆ. ಹಾಗಾದರೆ ಈ ನರವನ್ನು ‘ಮೊಳನರ’ ಅನ್ನಬಹುದಾ? ಕಿವಿಗೆ ಹೇಗೆ ಕೇಳುತ್ತದೆ? ಬಡಿದರೆ ಜುಮ್ಮೆನ್ನುವ ಆ ಜಾಗಕ್ಕೆ ನಿಮ್ಮೂರಲ್ಲಿ ಆಗಲೇ ಹೆಸರಿದ್ದರೆ ನನ್ನದನ್ನು ಬಿಟ್ಟುಬಿಡುತ್ತೇನೆ. ರಕ್ತದ ನರಕ್ಕೂ ಈ ನರಕ್ಕೂ ಬೇರೆ ಬೇರೆ ಮಾತು ಬಳಸುವ ಮನೆಗಳಿದ್ದರೆ ಅದನ್ನೂ ಬರೆಯಿರಿ.

ನಮ್ಮ ಆಳಿಗೆ ‘ಮೊಳನರ’ ಹೇಳಿ ನೋಡಿದೆ. "ಒಂದೇ ಮೊಳಾನಾ?" ಅಂತ ಕೇಳಿದರು. ಕುತ್ತಿಗೆಯಿಂದ ಅಳೆದರೆ ಒಂದೂವರೆಯಾದರೂ ಆಗುತ್ತದೆ.